ಉಸಿರು ಹೋದ ಜಾಗ

ಗುಬ್ಬಿಯ ನರಸಮ್ಮ ನಮ್ಮ ಬಾಟನಿ ಲ್ಯಾಬಿಗೆ ಬಂದಾಗ ನಾನು ಹುಡುಗಿಯರಿಗೆ ಬೈಯುತ್ತಿದ್ದೆ. ಬೈಯುವುದು ನನ್ನ ಹುಟ್ಟುಗುಣ. ನನ್ನ ಊರು ಕುಣಿಗಲ್. ಅಲ್ಲಿ ಕುದುರೆ ಫಾರಂ ಇದೆಯಲ್ಲ, ಅದಕ್ಕೇ ತುಮಕೂರಿನ ಈ ಕಾಲೇಜಿನ ಹುಡುಗರು ಬೆನ್ನ ಹಿಂದೆ ನನ್ನನ್ನು ‘ಕುಣಿಗಲ್ ಕುದುರೆ’ ಎನ್ನುತ್ತಿದ್ದರು. ಹತ್ತಿರ ಹೋದರೆ ಒದೆಯುತ್ತದೆ ಎಂಬ ಅರ್ಥದಲ್ಲಿ. ನನಗೆ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇದ್ದೆ.

“ಲಕ್ಷ್ಮೀದೇವಮ್ಮ ಮೇಡಮ್ಮೋರು ನೀವೇ ಅಲ್ವಾ?” ಎಂದಳು ಆಕೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. “ನಾನು ಗಂಗಹನುಮಯ್ಯನ ತಾಯಿ. ನನ್ ಮಗ ಮನೇಲಿರೋ ಚಿಲ್ಕಾನೆಲ್ಲಾ ಕಿತ್ತಾಕ್ಬುಟ್ಟವ್ನೆ ಕಣವ್ವ. ಒಂದು ಬಾಗ್ಲು ಮುಚ್ಚಾಕ್ ಬುಡಾಕಿಲ್ಲ. ನಾಯಿ ಒಳಿಕ್ ಬತ್ತದೆ, ಮೇಕೆ ಒಳಿಕ್ ಬತ್ತದೆ. ಬಚ್ಚಲ್ಮನೆಗೆ ಹೋಗಾಕೂ ನಮ್ಗೆ ನಾಚ್ಕೆ.”

ಹುಡುಗಿಯರು ಕಿಸಕ್ಕೆಂದರು. “ನಗೋರೆಲ್ಲ ಆಚೆ ನಡೀರಿ!” ಎಂದು ಕಿರುಚಿದೆ. ಅವರು ಹೋದ ಮೇಲೆ ನರಸಮ್ಮನಿಗೆ ಸ್ಟೂಲು ಕೊಟ್ಟೆ. ಆಕೆ ಕೂರಲಿಲ್ಲ. ಗಂಗನಿಗೆ ಪರೀಕ್ಷೆ ಹತ್ತಿರ ಬಂದಿದೆ, ಹೇಗಾದರೂ ಕಾಲೇಜಿಗೆ ಕರೆಸಿಕೊಳ್ಳಿ, ಹೀಗೇ ಬಿಟ್ಟರೆ ನನ್ನ ಮಗ ನನ್ನ ಕೈಗೆ ಉಳಿಯುವುದಿಲ್ಲ ಎಂದು ಅತ್ತಳು. ಅನ್ನ ಬಿಟ್ಟು ಎಲುಬಾಗಿದ್ದಾನಂತೆ. ಹಿತ್ತಲ ಬಾವಿಯ ಕಟ್ಟೆಯ ಮೇಲೆ ಕೂರುತ್ತಾನಂತೆ. ಬಾವಿ ಎಂಬ ಮಾತು ಬಂದಾಗ, ಭಾನುವಾರವೇ ಬರುತ್ತೇನೆ ಎಂದೆ.

ಇದು ಎಂಬತ್ತೆರಡನೇ ಇಸವಿಯ ಬೇಸಿಗೆ ಶುರುವಾಗುವ ಹೊತ್ತಿನ ಮಾತು. ಗಂಗಹನುಮಯ್ಯ ಕಾಲೇಜಿಗೆ ಬರುವುದು ಬಿಟ್ಟದ್ದು ಅದಕ್ಕೂ ಆರು ತಿಂಗಳ ಹಿಂದೆ, ಯೂನಿಯನ್ ಎಲೆಕ್ಷನ್ನಿನ ಗಲಾಟೆಯಲ್ಲಿ ಅವನ ಕ್ಲಾಸಿನ ಗೆಳೆಯ ಆಂಜನಪ್ಪ ಸತ್ತ ದಿನ.

ಆ ಗಲಾಟೆಗೆ ನಾವು ತಯಾರಾಗಿದ್ದೆವು ಎನ್ನುವುದೇ ಇದರಲ್ಲಿ ಹೊಟ್ಟೆ ಉರಿಸುವ ಸಂಗತಿ. ಹಿಂದಿನ ವರ್ಷದ ಎಲೆಕ್ಷನ್ನಿನಲ್ಲಿ ಹೊರಗಿನ ಪುಂಡರು “ಸಾರ್, ಬಾಗಿಲು ತೆಗೀರಿ, ನಾನು ಇದೇ ಕ್ಲಾಸಿನವನು” ಎಂದು ಬಾಗಿಲು ತಟ್ಟಿದ್ದರು. ತೆಗೆದದ್ದೇ ತಡ, ಸೈಕಲ್ ಚೈನು, ಸೋಡಾ ಬಾಟಲಿ ಹಿಡಿದು ನುಗ್ಗಿ ಕಂಡಕಂಡವರ ತಲೆ ಒಡೆದಿದ್ದರು. ಅದಾದ ಮೇಲೆ ಪ್ರಿನ್ಸಿಪಾಲರು ಪ್ರತಿ ಕೋಣೆಗೂ ಒಳಗಡೆಯಿಂದ ಹೆಬ್ಬೆರಳು ದಪ್ಪದ ಕಬ್ಬಿಣದ ಚಿಲಕ ಹಾಕಿಸಿದರು. ಪ್ರತಿ ಕ್ಲಾಸಿಗೂ ಒಬ್ಬ ಗಟ್ಟಿ ಹುಡುಗನನ್ನು ಚಿಲಕ ಕಾಯಲು ಆರಿಸಿದರು. ಗಲಾಟೆ ಶುರುವಾದ ತಕ್ಷಣ ಅವನು ಚಿಲಕ ಹಾಕಬೇಕು. ಪೊಲೀಸರು ಬರುವ ತನಕ ಯಾರು ತಟ್ಟಿದರೂ, ಹೆಸರು ಹಿಡಿದು ಕರೆದರೂ, ಅತ್ತರೂ ತೆಗೆಯಕೂಡದು. ಎನ್‌ಸಿಸಿ ಮೇಷ್ಟ್ರು ವಿಸಲ್ ಊದಿ ಊದಿ ಇದನ್ನು ಅಭ್ಯಾಸ ಮಾಡಿಸಿದರು. ಹೊರಗೆ ನಿಂತು ತಾವೇ ಹೆಂಗಸಿನ ದನಿಯಲ್ಲಿ ಕೂಗಿ, ಮೋಸಹೋಗಿ ತೆಗೆದ ಹುಡುಗರ ಕಿವಿ ಹಿಂಡುತ್ತಿದ್ದರು. ಗರಡಿ ಮೈಯ ಗಂಗಹನುಮಯ್ಯ ಒಂದು ಸಲವೂ ತೆಗೆದಿರಲಿಲ್ಲ. ಅಸೆಂಬ್ಲಿಯಲ್ಲಿ ಅವನಿಗೆ ಚಪ್ಪಾಳೆ ಹೊಡೆಸಿದ್ದರು.

ಆಂಜನಪ್ಪ ಯಾವ ಪಾರ್ಟಿಗೂ ಸೇರಿದವನಲ್ಲ. ಅವನ ಊರು ಗುಬ್ಬಿ ತಾಲ್ಲೂಕಿನ ಕಡಬ. ಅಲ್ಲಿಂದ ಹೊರಟ ಬಸ್ಸು ದಾರಿಯಲ್ಲಿ ಕೈ ತೋರಿಸಿದವರಿಗೆಲ್ಲ ನಿಂತು ನಿಂತು ತುಮಕೂರು ಸೇರುವಾಗ ಮೊದಲನೇ ಪೀರಿಯಡ್ ಮುಗಿಯುತ್ತಿತ್ತು. “ಬಂದ್ಯಾ ಮಹಾರಾಯ? ಊಟ ಮುಗಿಸ್ಕೊಂಡೇ ಬರಬಹುದಿತ್ತಲ್ಲ,” ಎಂದು ನಾನು ಅಣಕಿಸಿದರೆ ಹಲ್ಲು ಕಿರಿದು ಒಳಗೆ ನುಸುಳುತ್ತಿದ್ದ. ಆವತ್ತೂ ತಡವಾಗಿಯೇ ಬಂದ. ಅಷ್ಟು ಹೊತ್ತಿಗೆ ಎರಡು ಗುಂಪೂ ಕಾಂಪೌಂಡು ಹಾರಿ ಒಳಗೆ ಬಂದಿದ್ದವು, ಎಲ್ಲ ಬಾಗಿಲುಗಳಿಗೂ ಚಿಲಕ ಬಿದ್ದಿತ್ತು. ನಾನು ಕಟ್ಟಡದ ಇನ್ನೊಂದು ತುದಿಯ ಲ್ಯಾಬಿನಲ್ಲಿ ಹುಡುಗಿಯರ ಜೊತೆ ಇದ್ದೆ. ಬರೀ ಕೂಗಾಟ ಕೇಳಿಸುತ್ತಿತ್ತು.

ಪೊಲೀಸರು ಬಂದು ನಾವು ಹೊರಗೆ ಬಂದಾಗ ಆಂಜನಪ್ಪನನ್ನು ಜೀಪಿನಲ್ಲಿ ಮಲಗಿಸುತ್ತಿದ್ದರು. ತಲೆ ಒಡೆದು, ತನ್ನ ಕ್ಲಾಸಿನ ಬಾಗಿಲ ಮುಂದೆಯೇ ಬಿದ್ದಿದ್ದನಂತೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಸತ್ತ ಎಂದು ಬರೆದುಕೊಂಡರು. ಕಾಲೇಜಿಗೂ ಅದೇ ಬೇಕಾಗಿತ್ತು. ಕಾಂಪೌಂಡಿನ ಒಳಗೆ ಯಾರೂ ಸಾಯಲಿಲ್ಲ ಎಂದಾಯಿತಲ್ಲ. ಒಳಗಿದ್ದ ಹುಡುಗರೆಲ್ಲ ಒಂದೇ ಮಾತು ಹೇಳಿದರು, ಯಾರೂ ಬಾಗಿಲು ತಟ್ಟಲಿಲ್ಲ ಎಂದು. ಕಾಲೇಜು ಮತ್ತೆ ತೆರೆಯುವ ಮುಂಚೆ ಬಾಗಿಲುಗಳಿಗೆಲ್ಲ ಹಸಿರು ಬಣ್ಣ ಬಳಿಸಿದರು. ಬಣ್ಣ ಒಣಗಿರಲಿಲ್ಲ, ಮೇಷ್ಟ್ರುಗಳು ಆಗಲೇ ಡಿಎ ಬಗ್ಗೆ ಮಾತಾಡುತ್ತಿದ್ದರು. ಥೂ, ನಮ್ಮ ಜನ್ಮಕ್ಕೆ!

ಆದರೆ ಆ ಕೋಣೆಯಲ್ಲಿ ಪಾಠ ಮಾಡುವುದು ಆಗುತ್ತಿರಲಿಲ್ಲ. ತಡವಾಗಿ ಬಂದ ಹುಡುಗ ಯಾರಾದರೂ ಬಾಗಿಲ ಮೇಲೆ ಬೆರಳಿಟ್ಟರೆ ಸಾಕು, ಒಳಗಿನ ಅಷ್ಟೂ ತಲೆಗಳು ಒಮ್ಮೆಗೇ ತಗ್ಗುತ್ತಿದ್ದವು. ಯಾರೂ ಬಾಗಿಲ ಕಡೆ ನೋಡುತ್ತಿರಲಿಲ್ಲ. ನಾನೇ ಹೋಗಿ ತೆಗೆಯಬೇಕಾಗಿತ್ತು. ಹೊರಗೆ ಯಾರೂ ಇಲ್ಲದಿದ್ದರೆ ಎನ್ನಿಸಿ, ‘ಯಾರದು?’ ಎಂದು ಕೇಳಿಯೇ ತೆಗೆಯುತ್ತಿದ್ದೆ. ಸೈನ್ಸ್ ಓದಿದವಳು ನಾನು!

ಆ ಭಾನುವಾರ ಗುಬ್ಬಿಗೆ ಹೋದೆ. ನರಸಮ್ಮ ಹೇಳಿದ್ದು ನಿಜ. ಬೀದಿಬಾಗಿಲಿನಿಂದ ಹಿತ್ತಿಲಬಾಗಿಲಿನ ತನಕ ಒಂದಕ್ಕೂ ಚಿಲಕವಿಲ್ಲ, ಮೊಳೆ ಕಿತ್ತ ತೂತುಗಳು ಮಾತ್ರ. ಬಾಗಿಲು ಗಾಳಿಗೂ ಮುಚ್ಚಿಕೊಳ್ಳಬಾರದೆಂದು ಪ್ರತಿಯೊಂದಕ್ಕೂ ಒಂದೊಂದು ಕಲ್ಲು ಆನಿಸಿದ್ದ. ಗಂಗ ನಡುಮನೆಯಲ್ಲಿ ಕೂತಿದ್ದ. ಆ ಮೈ ಎಲ್ಲಿ ಹೋಯಿತೋ, ಅಂಗಿ ಮೊಳೆಗೆ ನೇತುಹಾಕಿದಂತೆ ಕಾಣುತ್ತಿತ್ತು.

“ಏನೋ ಇದು ಅವತಾರ?” ಎಂದೆ. “ನಿಮ್ಮಮ್ಮನ ಮುಖ ನೋಡಿದೀಯಾ? ಪರೀಕ್ಷೆಗೆ ಕಟ್ಟಿದೀಯ ತಾನೆ?”

“ಪರೀಕ್ಷೆ ದಿನ ಬಾಗ್ಲು ಹಾಕ್ತಾರೆ ಮೇಡಂ.”

“ಹಾಕದೆ? ಕಾಪಿ ಹೊಡೆಯೋರಿಗೆ ಚೀಟಿ ಕೊಡೋರು ಬರಲಿ ಅಂತ ತೆರೆದಿಡ್ತಾರಾ?”

ಅವನು ನಗಲಿಲ್ಲ. ಬೀದಿಬಾಗಿಲ ಕಡೆ ಬೆರಳು ತೋರಿಸಿದ. “ಬಾಗ್ಲು ಮುಚ್ಚಿದ ತಕ್ಷಣ ತಟ್ತಾನೆ ಮೇಡಂ. ತೆರೆದಿದ್ರೆ ತಟ್ಟಲ್ಲ.”

ಮಟಮಟ ಮಧ್ಯಾಹ್ನ. ಹೊರಗೆ ಯಾವುದೋ ಕೋಳಿ ಕೆದಕುತ್ತಿತ್ತು. ಯಾರು ಎಂದು ಕೇಳಬೇಕಾಗಿರಲಿಲ್ಲ. ಎಲ್ಲರೂ ಯಾರೂ ತಟ್ಟಲಿಲ್ಲ ಎಂದಿದ್ದರು. ಇವನು ಮಾತ್ರ ಬಾಯಿಬಿಟ್ಟು ಏನನ್ನೂ ಹೇಳಿರಲಿಲ್ಲ, ಎಲ್ಲರೂ ಕೊಟ್ಟ ಹೇಳಿಕೆಯ ಕೆಳಗೆ ಸಹಿ ಹಾಕಿ ಬಸ್ಸು ಹತ್ತಿದ್ದ. ನಾನು ಧೈರ್ಯದ ಮಾತು ಹೇಳಿದೆ, ಡಾಕ್ಟರ ಹೆಸರು ಹೇಳಿದೆ, ಕೊನೆಗೆ ಬೈದೆ. ಯಾವುದಕ್ಕೂ ಅವನು ಜಗ್ಗಲಿಲ್ಲ.

ಅದೇ ವಾರ ಆಂಜನಪ್ಪನ ತಾಯಿ ರಂಗಮ್ಮ ಕಾಲೇಜಿಗೆ ಬಂದಳು. ಪ್ರಿನ್ಸಿಪಾಲರ ಕೋಣೆಗೆ ನಾನೇ ಕರೆದುಕೊಂಡು ಹೋದೆ. ತುಮಕೂರಿನ ಪಕ್ಕದ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ದೊಡ್ಡ ಮಗನ ಬಾಡಿಗೆ ಕೋಣೆಯಲ್ಲಿ ಇದ್ದಳಂತೆ. ಗಂಡ ಕಡಬದ ತೆಂಗಿನ ತೋಟದ ಗುಡಿಸಲಿನಲ್ಲಿ. ಊರಿನ ಮನೆಗೆ ಜಾಲಿಮುಳ್ಳು ಹೊಡೆದಿತ್ತು.

ಕಾರಣ ಇಷ್ಟು. ಆಂಜನಪ್ಪ ಸತ್ತದ್ದು ಕೆಟ್ಟ ನಕ್ಷತ್ರದಲ್ಲಿ, ಧನಿಷ್ಠಾ ಪಂಚಕದಲ್ಲಿ. ನಮ್ಮ ಕಡೆ ಆ ನಕ್ಷತ್ರದಲ್ಲಿ ಯಾರಾದರೂ ಸತ್ತರೆ, ಉಸಿರು ಹೋದ ಮನೆಯನ್ನು ಆರು ತಿಂಗಳು ಬಿಟ್ಟುಬಿಡುತ್ತಾರೆ. ಬಾಗಿಲಿಗೆ ಮುಳ್ಳು ಹಾಕುತ್ತಾರೆ. ಹೊಸಿಲಿನ ಒಳಗೆ ಉಸಿರು ಹೋದರೆ ಮಾತ್ರ ಈ ಕಟ್ಟಳೆ. ಹೊರಗೆ ಬಯಲಲ್ಲಿ ಹೋದರೆ ಇಲ್ಲ. ಪೊಲೀಸರು ದಾರಿಯಲ್ಲಿ ಎಂದರು, ಆಸ್ಪತ್ರೆಯವರು ತರುವಾಗಲೇ ಹೋಗಿತ್ತು ಎಂದರು, ಒಳಗೋ ಹೊರಗೋ ಯಾರೂ ಖಚಿತವಾಗಿ ಹೇಳಲಿಲ್ಲ. ಜಾಗ ಗೊತ್ತಿಲ್ಲದಿದ್ದರೆ ಹುಟ್ಟಿದ ಮನೆಯನ್ನೇ ಮುಚ್ಚಿ ಎಂದು ಊರಿನ ಶಾಸ್ತ್ರದವರು ಹೇಳಿ, ಮುಚ್ಚಿಸಿದ್ದರು.

“ಆರು ತಿಂಗ್ಳು ತುಂಬ್ತು ಸಾಮಿ,” ಎಂದಳು ರಂಗಮ್ಮ, ಪ್ರಿನ್ಸಿಪಾಲರ ಮೇಜಿನ ಮುಂದೆ ನಿಂತು. “ನಂಗೆ ಕೇಸು ಗೀಸು ಏನೂ ಬ್ಯಾಡ. ನನ್ ಮಗಂದು ಉಸ್ರು ಎಲ್ಲೋಯ್ತು, ಅಷ್ಟೇಳಿ ಸಾಕು. ಕನಸ್ನಾಗೆ ಬತ್ತಾನೆ, ಮನೆ ಸುತ್ತ ತಿರುಗ್ತಾನೆ. ಅವ್ನು ಬ್ಯಾರೆ ಎಲ್ಲೋ ಹೋಗಿದ್ರೆ, ನನ್ ಮನೆ ಬಾಗ್ಲುನ್ನ ನಾನೇ ಅವ್ನ ಮುಖುಕ್ಕೆ ಮುಚ್ದಂಗಾಯ್ತಲ್ಲಪ್ಪ! ಮುಳ್ಳಾಕ್ಬುಟ್ನಲ್ಲ!”

ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡರು. “ದಾರಿಯಲ್ಲಮ್ಮ. ರಿಪೋರ್ಟಿನಲ್ಲಿ ಇದೆಯಲ್ಲ.”

“ಯಾವ್ ದಾರೀಲಿ? ಬಂದು ತೋರುಸ್ರಿ. ಅಲ್ಲೊಂದು ದೀಪ ಇಟ್ ಬತ್ತೀನಿ.”

ಅವರು ಬೆಲ್ ಒತ್ತಿ ಅಟೆಂಡರನ್ನು ಕರೆದರು. ಆಕೆಯನ್ನು ಗೇಟಿನ ತನಕ ಬಿಟ್ಟು ಬರಬೇಕಂತೆ. ನನಗೆ ಮೈಯೆಲ್ಲ ಉರಿದುಹೋಯಿತು. “ಸಾರ್, ಹಸಿರು ಬಣ್ಣದ ಡಬ್ಬ ಉಳಿದಿದ್ರೆ ನಿಮ್ಮ ಮುಖಕ್ಕೂ ಒಂದು ಕೋಟು ಬಳಿಸ್ಕೊಳ್ಳಿ,” ಎಂದುಬಿಟ್ಟೆ. ಅದಕ್ಕೆ ಮೆಮೋ ಬಂತು, ಬರಲಿ. ಹೊರಗೆ ಹುಣಸೆಮರದಡಿ ರಂಗಮ್ಮನನ್ನು ನಿಲ್ಲಿಸಿ, ಶನಿವಾರ ಕಡಬದಲ್ಲಿ ಇರಿ, ನಾನು ಬರುತ್ತೇನೆ ಎಂದೆ. ನನಗೆ ನಕ್ಷತ್ರದಲ್ಲಿ ನಂಬಿಕೆಯಿಲ್ಲ, ಆವತ್ತೂ ಇರಲಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಗೊತ್ತಿರುವವನು ಯಾರು ಎಂದು ನನಗೆ ಗೊತ್ತಿತ್ತು. ಅವನನ್ನು ಆಕೆಯ ಮುಂದೆ ನಿಲ್ಲಿಸಿದರೆ ಅವನು ಉಳಿಯುತ್ತಾನೋ, ಇಲ್ಲ ಆ ಬಾವಿಗೆ ಇನ್ನೂ ಹತ್ತಿರವಾಗುತ್ತಾನೋ, ಅದು ಮಾತ್ರ ಗೊತ್ತಿರಲಿಲ್ಲ.

ಶನಿವಾರ ಗುಬ್ಬಿಯಲ್ಲಿ ಇಳಿದು ಗಂಗನಿಗೆ ಸುತ್ತಿ ಬಳಸದೆ ಹೇಳಿದೆ. “ಆಂಜನಪ್ಪನ ತಾಯಿ ಕೇಳ್ತಿದಾರೆ, ಮಗನ ಉಸಿರು ಎಲ್ಲಿ ಹೋಯ್ತು ಅಂತ. ಯಾರಿಗೂ ಗೊತ್ತಿಲ್ವಂತೆ.”

“ನಂಗೊತ್ತು,” ಎಂದು ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ನರಸಮ್ಮ ಅಂಗಿ ಬದಲಾಯಿಸೋ ಎಂದು ಹಿಂದೆಯೇ ಓಡಿಬಂದಳು. ಅವನು ನಿಲ್ಲಲಿಲ್ಲ.

ಕಡಬದ ಬಸ್ಸಿನಲ್ಲಿ ಅವನು ಬಾಗಿಲ ಹತ್ತಿರವೇ ನಿಂತ. ಕೆರೆ ಏರಿಯ ಮೇಲೆ ಬಸ್ಸು ತಿರುಗಿದಾಗ ಗಾಳಿ ತಂಪಾಯಿತು. “ಇದೇ ಬಸ್ಸು ಮೇಡಂ ಅವ್ನು ಬರ್ತಿದ್ದುದು,” ಎಂದ.

ರಂಗಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದಳು. ಹಿಂದೆ ಬಾಗಿಲು, ಬಾಗಿಲಿಗೆ ಅಡ್ಡಡ್ಡ ಒಣಗಿದ ಜಾಲಿಮುಳ್ಳು. ಆರು ತಿಂಗಳ ಜೇಡ ಬಲೆ. ಗಂಗನನ್ನು ನೋಡಿ ಆಕೆಯ ಮುಖ ಅರಳಿತು. “ಬಾರ್ಲಾ ಗಂಗ, ಏನ್ಲಾ ಹಿಂಗಾಗಿದೀಯ? ನನ್ ಮಗನ್ ಜೊತ್ಗೆ ಬಂದು ಎಷ್ಟು ಮುದ್ದೆ ಮುರ್ದಿದೀಯೋ ಈ ಮನೇಲಿ!”

ಅವನು ಕೂರಲಿಲ್ಲ. ನಿಂತೇ ಹೇಳಿದ.

“ಅವ್ನು ದಾರೀಲಿ ಹೋಗ್ಲಿಲ್ಲ ಕಣಮ್ಮ. ನಮ್ ಕ್ಲಾಸ್ ಬಾಗ್ಲು ಮುಂದೆ ಹೋದ.”

“ಹೊಸ್ಲಿಂದ ಒಳ್ಗೋ, ಆಚೆಗೋ?”

“ಆಚೆ.”

“ನೀನೆಂಗ್ ನೋಡ್ದೆ?”

“ನೋಡ್ಲಿಲ್ಲ. ಒಳಗಿದ್ದೆ. ಚಿಲಕ ನನ್ ಕೈಲಿತ್ತು.” ಅವನು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡ. “ಗಂಗಾ, ತೆಗ್ಯೋ, ನಾನು ಕಣೋ, ಅಂದ. ಮೊದ್ಲನೇ ಸಲ ಕೂಗ್ದಾಗ್ಲೇ ದನಿ ಗೊತ್ತಾಯ್ತು ನಂಗೆ. ತೆಗೀಬೇಡ ತೆಗೀಬೇಡ ಅಂತ ಹುಡುಗ್ರೆಲ್ಲ ನನ್ ಮೈಮೇಲೆ ಬಿದ್ರು. ಅವ್ನ ಹಿಂದೆ ಆ ನನ್ಮಕ್ಳು ಇದ್ರೋ, ಆಗ್ಲೇ ಹೊಡ್ದು ಹೋಗಿದ್ರೋ, ಇವತ್ತಿಗೂ ಗೊತ್ತಿಲ್ಲ. ತೆಗೀಲಿಲ್ಲ. ಆಮೇಲೆ ಬಾಗ್ಲು ಅಡೀಲಿ ಸಂದಿ ಇತ್ತಲ್ಲ, ಅಲ್ಲಿಂದ ಬೆರಳು ಒಳಗೆ ಬಂತು. ಹಿಡ್ಕೊಂಡೆ. ಅವ್ನೂ ಹಿಡ್ಕೊಂಡ. ಅವ್ನು ಬಿಟ್ಟ ಮೇಲೂ ನಾನು ಹಿಡ್ಕೊಂಡೇ ಇದ್ದೆ. ತಣ್ಣಗಾಗೋ ತಂಕ.”

ಅಯ್ಯೋ ಶಿವನೇ ಎಂದು ಕೂಗಿದ್ದು ನಾನು. ರಂಗಮ್ಮ ಕಣ್ಣು ಮಿಟುಕಿಸದೆ ಅವನ ಬಲಗೈ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೂ ನಾನು ತಡೆಯುತ್ತಿರಲಿಲ್ಲ.

“ಆಚೆ ಹೋಗಿದ್ರೆ ಯಾವ್ ಮನೆನೂ ಮುಚ್ಚಂಗಿರ್ಲಿಲ್ಲ,” ಎಂದಳು ಕೊನೆಗೆ, ತನಗೆ ತಾನೇ ಹೇಳಿಕೊಳ್ಳುವಂತೆ. “ಆರು ತಿಂಗ್ಳು ಹೊರ್ಗೇ ನಿಲ್ಸಿದೀನಿ ನನ್ ಕೂಸ್ನ. ಅಲ್ಲೂ ಬಾಗ್ಲು, ಇಲ್ಲೂ ಬಾಗ್ಲು.”

ಎದ್ದು ಬರಿಗೈಯಲ್ಲೇ ಮುಳ್ಳು ಎಳೆದು ಅಂಗಳಕ್ಕೆ ಎಸೆಯತೊಡಗಿದಳು. ಅಂಗೈಯಲ್ಲಿ ರಕ್ತ ಬಂತು. ಕುಡುಗೋಲು ಎಲ್ಲಿ ಎಂದು ನಾನು ಕೇಳುವಷ್ಟರಲ್ಲಿ ಇನ್ನೊಂದು ಕೊಂಬೆ ಎಳೆದಿದ್ದಳು. ಗಂಗ ಸಹಾಯಕ್ಕೆ ಕೈ ಹಾಕಿದ. ಆಕೆ ಬೇಡ ಎನ್ನಲಿಲ್ಲ, ಅವನ ಕಡೆ ತಿರುಗಲೂ ಇಲ್ಲ. ಬೀಗ ತೆಗೆದು ಒಳಗೆ ಕಾಲಿಟ್ಟಳು. ಮುಚ್ಚಿದ್ದ ಮನೆಯ ಮುಗ್ಗುಲು ವಾಸನೆ ನಮ್ಮ ಮುಖಕ್ಕೆ ಹೊಡೆಯಿತು. ದೀಪ ಹಚ್ಚಲು ಹೋದಳು ಎಂದುಕೊಂಡೆ.

ಆಕೆ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಗಂಗ ಎರಡು ಹೆಜ್ಜೆ ಹಿಂದಕ್ಕೆ ಸರಿದ.

“ತಟ್ಟು,” ಎಂದಳು ಒಳಗಿನಿಂದ. “ಅವ್ನು ತಟ್ದಂಗೇ ತಟ್ಲಾ. ನಾನ್ ಕೇಳ್ಬೇಕು.”

“ರಂಗಮ್ಮ, ಇದೇನು ಹುಚ್ಚು? ಬಾಗಿಲು ತೆಗೀರಿ!” ಎಂದು ನಾನು ಕೂಗಿದೆ. “ನೀವ್ ಸುಮ್ಕಿರಿ ಮೇಡಮ್ಮ,” ಎಂದಳು. ಅವನ ತೋಳು ಹಿಡಿದು, ಬಾ ಹೋಗೋಣ ಎಂದೆ. ಗಂಗ ಮೆಲ್ಲಗೆ ನನ್ನ ಕೈ ಬಿಡಿಸಿಕೊಂಡ.

ಮೊದಲು ಎರಡೂ ಅಂಗೈಯಲ್ಲಿ ಬಡಿದ. ಕದ ಅದುರಿ ಧೂಳು ಉದುರಿತು. “ಗಂಗಾ, ತೆಗ್ಯೋ,” ಎಂದು ಕೂಗಿದ. ತನ್ನ ಹೆಸರನ್ನು ತಾನೇ ಕೂಗುತ್ತಿದ್ದ. ಆ ದನಿ ಅವನದಾಗಿರಲಿಲ್ಲ. ತಡವಾಗಿ ಬಂದು ಹಲ್ಲು ಕಿರಿಯುತ್ತಿದ್ದ ಹುಡುಗನ ದನಿ ಅದು. ಆ ದನಿಯನ್ನು ನಾನು ಅಷ್ಟು ದಿನ ಕ್ಲಾಸಿನಲ್ಲಿ ಕೇಳಿದವಳು. ನಾನು ಜಗಲಿಗೆ ಆತುಕೊಂಡೆ. ಒಳಗೆ ರಂಗಮ್ಮನಿಗೂ ಗೊತ್ತಾಗಿರಬೇಕು, “ಆಂಜಿ,” ಎಂದು ಒಮ್ಮೆ ನರಳಿದ್ದು ಕೇಳಿಸಿತು. ಆದರೂ ತೆಗೆಯಲಿಲ್ಲ.

ಬಡಿತ ಒಂದೇ ಕೈಗೆ ಇಳಿಯಿತು. ಅಕ್ಕಪಕ್ಕದ ಮನೆಯವರು ಬಂದು ಅಂಗಳದಾಚೆ ನಿಂತರು, ಯಾರೂ ಒಳಗೆ ಬರಲಿಲ್ಲ. ಗಂಗ ಕದಕ್ಕೆ ಹಣೆ ಒತ್ತಿ ಮೊಣಕಾಲಿಗೆ ಕುಸಿದ. ಆಮೇಲೆ ಕೂತೇ ತಟ್ಟಿದ, ಗೆಣ್ಣಿನಿಂದ, ಆಮೇಲೆ ಬೆರಳ ತುದಿಯಿಂದ.

“ಇನ್ನೂ ಎಷ್ಟೊತ್ಲಾ?” ಎಂದು ಒಳಗಿನಿಂದ ಒಡೆದ ದನಿ ಬಂತು. “ಇನ್ನೂ ತಟ್ದ್ನಾ ನನ್ ಮಗ?”

“ಇನ್ನೂ ತಟ್ದ ಕಣಮ್ಮ.”

ತಟ್ಟುತ್ತಲೇ ಇದ್ದ. ಕೆರೆಯ ಕಡೆಯಿಂದ ಬಂದ ದನಗಳು ಬೀದಿಯಲ್ಲಿ ಹಾದುಹೋದವು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ. ಆಮೇಲೆ ಅವನ ಕೈ ಕದದ ಮೇಲಿಂದ ಜಾರಿ ಹೊಸಿಲ ಮೇಲೆ ಬಿತ್ತು. ಅಲ್ಲೇ ಇಟ್ಟ.

“ಇಷ್ಟೇ,” ಎಂದ. “ಆಮೇಲೆ ತಟ್ಲಿಲ್ಲ.”

ಒಳಗೆ ಸದ್ದಿಲ್ಲ. ಗಂಗನ ಬಾವಿಕಟ್ಟೆ ನೆನೆದಾಗ ಹುಟ್ಟಿದ್ದ ಭಯ ನನಗೆ ಈಗ ಆ ಹೆಂಗಸಿನ ಬಗ್ಗೆ ಬಂತು, ಮನೆಯೊಳಗೆ ಏನು ಮಾಡಿಕೊಳ್ಳುತ್ತಾಳೋ ಎಂದು. ಕದ ಒಡೆಯಲು ಜನರನ್ನು ಕರೆಯಬೇಕು ಎಂದು ತಿರುಗುವಷ್ಟರಲ್ಲಿ ಚಿಲಕ ಸರಿಯಿತು.

ರಂಗಮ್ಮ ಹೊಸಿಲ ಮೇಲೆ ನಿಂತಿದ್ದಳು. ಮುಖದಲ್ಲಿ ಕ್ಷಮೆ ಇತ್ತು ಎಂದು ನಾನು ಸುಳ್ಳು ಹೇಳಲಾರೆ. ಮುಳ್ಳು ಚುಚ್ಚಿದ ಅಂಗೈಯಿಂದ ಕದವನ್ನು ಪೂರ್ತಿ ಹಿಂದಕ್ಕೆ ತಳ್ಳಿದಳು.

“ನೋಡ್ಲಾ,” ಎಂದಳು. “ತೆಗಿಯಾದು ಇಷ್ಟೇಯ.”

ಆಮೇಲೆ ಬಗ್ಗಿ, ಅವನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು.